ಚೈಲ್ಡ್‌ಮೈಂಡಿಂಗ್‌ಗೆ ಮನೆಯ ಯಾವ ಕೋಣೆಗಳನ್ನು ಬಿಟ್ಟುಕೊಡುವುದು?

ತುಂಗಾತೀರ (ರೀಡಿಂಗ್):

ಎಲ್ಲರಿಗೂ ನಮಸ್ಕಾರ. ಚೈಲ್ಡ್‌ಮೈಂಡರ್ ಆಗಿ, ಅಂದರೆ ನಮ್ಮ ಮನೆಯಲ್ಲೇ ಬೇರೆಯವರ ಮಕ್ಕಳನ್ನು ಸಂಬಳಕ್ಕೆ ನೋಡಿಕೊಳ್ಳುವವಳಾಗಿ, ಆಫ್‌ಸ್ಟೆಡ್‌ನಲ್ಲಿ (ಇಂಗ್ಲೆಂಡಿನಲ್ಲಿ ಇದನ್ನು ನೋಂದಾಯಿಸಿ ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ) ನೋಂದಾಯಿಸಿಕೊಳ್ಳುವ ಸಿದ್ಧತೆಯಲ್ಲಿದ್ದೇನೆ. ಮಕ್ಕಳ ಪ್ರಥಮ ಚಿಕಿತ್ಸೆಯ 12 ಗಂಟೆಗಳ ತರಬೇತಿ ಮುಗಿದಿದೆ. ನನ್ನ ಮತ್ತು ಯಜಮಾನರ ಡಿಬಿಎಸ್ (ಅಪರಾಧ ಹಿನ್ನೆಲೆಯ ಪರಿಶೀಲನೆ) ಅರ್ಜಿಗಳೂ ಹೋಗಿವೆ. ಈಗ ಉಳಿದಿರುವುದು, ಮನೆಯ ಯಾವ ಕೋಣೆಗಳನ್ನು ಮಕ್ಕಳಿಗೆ ತೆರೆದಿಡುವುದು, ಯಾವುದನ್ನು ನಮಗಾಗಿ ಉಳಿಸಿಕೊಳ್ಳುವುದು ಎಂಬ ಪ್ರಶ್ನೆ. ಮನೆಯೊಳಗೆ ಈ ಬಗ್ಗೆ ಚರ್ಚೆ ನಡೆಯುತ್ತಲೇ ಇದೆ, ತೀರ್ಮಾನ ಮಾತ್ರ ಆಗಿಲ್ಲ. ಆದ್ದರಿಂದ ಅನುಭವಸ್ಥರ ಸಲಹೆ ಕೇಳುತ್ತಿದ್ದೇನೆ.

ನಮ್ಮದು 1930ರ ದಶಕದ ಸೆಮಿ ಡಿಟ್ಯಾಚ್ಡ್ ಮನೆ, ಸ್ವಂತದ್ದು, ಸಾಲ ಇನ್ನೂ ತೀರಿಲ್ಲ. ಕೆಳಗೆ ರಸ್ತೆಯ ಕಡೆಗೆ ಲೌಂಜ್ ಇದೆ, ಸುಮಾರು 4.2 ಮೀಟರ್ ಉದ್ದ, 3.6 ಮೀಟರ್ ಅಗಲ. ಹಿಂದುಗಡೆ 3.4ಕ್ಕೆ 3 ಮೀಟರಿನ ಊಟದ ಕೋಣೆ, ಅದಕ್ಕೆ ಅಂಟಿಕೊಂಡಂತೆ ಬಾಗಿಲಿಲ್ಲದ ಕಿರಿದಾದ ಅಡುಗೆಮನೆ, ಆಚೆಗೆ ಕನ್ಸರ್ವೇಟರಿ (ಗಾಜಿನ ಕೋಣೆ), ಅದರಿಂದಾಚೆ ಹಿತ್ತಲು. ಮೆಟ್ಟಿಲ ಕೆಳಗೆ ಪುಟ್ಟ ಶೌಚಾಲಯವೊಂದಿದೆ. ಮಹಡಿಯ ಮೇಲೆ ಎರಡು ಮಲಗುವ ಕೋಣೆ, ಸ್ನಾನದ ಮನೆ, ಮತ್ತು ಯಜಮಾನರು ವಾರದಲ್ಲಿ ಕೆಲವು ದಿನ ಕುಳಿತು ಕಚೇರಿಯ ಕೆಲಸ ಮಾಡುವ ಬಾಕ್ಸ್ ರೂಮ್ ಎಂಬ ಪುಟ್ಟ ಕೋಣೆ. ದೇವರ ಮಂಟಪ ಲೌಂಜಿನ ಮೂಲೆಯಲ್ಲಿದ್ದು, ಬೆಳಿಗ್ಗೆ ಸಂಜೆ ದೀಪ ಹಚ್ಚುತ್ತೇವೆ. ಬೇಸಿಗೆಯಲ್ಲಿ ಅತ್ತೆಯವರು ಶಿವಮೊಗ್ಗದಿಂದ ಬಂದು ಕೆಲವು ತಿಂಗಳು ನಮ್ಮೊಡನೆ ಇರುತ್ತಾರೆ.

ನಮ್ಮ ಮಗಳಿಗೆ ಎಂಟು ತುಂಬಿದೆ, ಮಗನಿಗೆ ಮೂರು ವರ್ಷ. ಸುಮಾರು ಒಂದು ವರ್ಷದ ಒಂದು ಮಗು, ಎರಡು ವರ್ಷದ ಇನ್ನೊಂದು ಮಗು, ಶಾಲೆ ಬಿಟ್ಟ ಮೇಲೆ ಆರೇಳು ವರ್ಷದ ಇಬ್ಬರು, ಇಷ್ಟು ಮಕ್ಕಳನ್ನು ನೋಡಿಕೊಳ್ಳುವ ಯೋಚನೆಯಿದೆ. ಲೌಂಜನ್ನು ಪೂರ್ತಿ ಆಟದ ಕೋಣೆ ಮಾಡಿಬಿಡು ಎಂದು ಯಜಮಾನರು ಹೇಳುತ್ತಾರೆ. ನನಗೆ ಹಿಂದಿನ ಕೋಣೆಯೇ ಅನುಕೂಲವೆನ್ನಿಸುತ್ತದೆ, ಆದರೆ ಅದು ಚಿಕ್ಕದಾಯಿತೇನೋ ಎಂಬ ಅಳುಕಿದೆ. ಮಗುವನ್ನು ಮಧ್ಯಾಹ್ನ ಎಲ್ಲಿ ಮಲಗಿಸಬೇಕು, ಕನ್ಸರ್ವೇಟರಿಯನ್ನು ಲೆಕ್ಕಕ್ಕೆ ಹಿಡಿಯಬಹುದೇ, ದೇವರ ಮಂಟಪವನ್ನು ಬೇರೆಡೆಗೆ ಸಾಗಿಸಬೇಕೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಮಲ್ಲಿಗೆಮೊಗ್ಗು (ಮಿಲ್ಟನ್ ಕೀನ್ಸ್):

ತುಂಗಾತೀರ ಅವರೇ, ಅಳತೆಯ ಟೇಪನ್ನು ಪಕ್ಕಕ್ಕಿಟ್ಟು, ದಿನದ ಹೆಚ್ಚು ಹೊತ್ತು ನೀವು ಎಲ್ಲಿ ನಿಂತಿರುತ್ತೀರಿ ಎಂಬುದನ್ನು ಮೊದಲು ನೋಡಿ. ಕೋಣೆಗಳ ಆಯ್ಕೆಯನ್ನು ನಾನು ಅಲ್ಲಿಂದಲೇ ಆರಂಭಿಸುತ್ತೇನೆ. ಹಲವು ವರ್ಷಗಳಿಂದ ಈ ಕೆಲಸದಲ್ಲಿದ್ದೇನೆ. ಹೊಸದಾಗಿ ನೋಂದಾಯಿಸಿಕೊಳ್ಳುವವರು ಚದರ ಮೀಟರಿನ ಚಿಂತೆಯಲ್ಲೇ ಮುಳುಗುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಆ ಚಿಂತೆಯನ್ನು ಮೊದಲು ಮುಗಿಸಿಬಿಡೋಣ. 2024ರ ಜನವರಿಯಿಂದ ಇಂಗ್ಲೆಂಡಿನ ಚೈಲ್ಡ್‌ಮೈಂಡರ್‌ಗಳಿಗೆಂದೇ ಇವೈಎಫ್‌ಎಸ್‌ನ (ಐದು ವರ್ಷದವರೆಗಿನ ಮಕ್ಕಳ ಆರೈಕೆ, ಕಲಿಕೆಗೆ ಸರ್ಕಾರದ ನಿಯಮಾವಳಿ) ಪ್ರತ್ಯೇಕ ಚೌಕಟ್ಟು ಇದೆ. ಅದರಲ್ಲಿ ಎರಡು ವರ್ಷದೊಳಗಿನ ಮಗುವಿಗೆ 3.5 ಚದರ ಮೀಟರ್, ಎರಡು ವರ್ಷದ ಮಗುವಿಗೆ 2.5, ಮೂರರಿಂದ ಐದು ವರ್ಷದ ಮಗುವಿಗೆ 2.3 ಚದರ ಮೀಟರ್ ಒಳಾಂಗಣ ಜಾಗ ಇರಬೇಕೆಂದಿದೆ. ನಿಮ್ಮ ಮಗನನ್ನೂ ಸೇರಿಸಿ ಹಗಲಿನ ಮೂವರಿಗೆ ಒಟ್ಟು 8.3 ಚದರ ಮೀಟರ್ ಆಯಿತು. ಲೌಂಜ್ ಒಂದೇ ಸುಮಾರು 15 ಚದರ ಮೀಟರ್ ಬರುತ್ತದೆ, ಹಿಂದಿನ ಕೋಣೆ 10ಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಈ ಲೆಕ್ಕ ಮಕ್ಕಳು ನಿಜವಾಗಿ ಬಳಸುವ ಜಾಗಕ್ಕೆ ಮಾತ್ರ ಅನ್ವಯಿಸುತ್ತದೆ. ಅಡುಗೆಮನೆ, ಶೌಚಾಲಯ, ಓಡಾಡುವ ಹಜಾರ, ಸಾಮಾನು ತುಂಬಿಡುವ ಜಾಗ ಇವುಗಳನ್ನು ಸೇರಿಸುವಂತಿಲ್ಲ. ಆರು ಕುರ್ಚಿಯ ದೊಡ್ಡ ಊಟದ ಮೇಜು, ಗಾಜಿನ ಬಾಗಿಲ ಕಪಾಟು ಹಿಂದಿನ ಕೋಣೆಯಲ್ಲಿದ್ದರೆ ಹತ್ತು ಚದರ ಮೀಟರ್ ಕಾಗದದ ಮೇಲಷ್ಟೇ ಉಳಿಯುತ್ತದೆ. ಕೆಳಗಿನ ಎರಡೂ ಕೋಣೆಗಳನ್ನು ನೋಂದಣಿಯಲ್ಲಿ ತೋರಿಸಿದರೆ ಜಾಗಕ್ಕೆ ನಿಮಗೆ ಯಾವ ತೊಂದರೆಯೂ ಇಲ್ಲ. ಸಂಖ್ಯೆಯ ವಿಷಯದಲ್ಲೂ ನೀವು ಮಿತಿಯೊಳಗೇ ಇದ್ದೀರಿ: ಎಂಟು ವರ್ಷದೊಳಗಿನ ಆರು ಮಕ್ಕಳು, ಅವರಲ್ಲಿ ಶಾಲಾ ವಯಸ್ಸಿಗೆ ಬಾರದ ಚಿಕ್ಕವರು ಸಾಮಾನ್ಯವಾಗಿ ಮೂವರು, ಆ ಮೂವರಲ್ಲಿ ಒಂದು ವರ್ಷ ತುಂಬದ ಕೂಸು ಒಂದೇ. ನಿಮ್ಮ ಮಗ ಆ ಮೂವರಲ್ಲಿ ಒಬ್ಬನಾಗುತ್ತಾನೆ.

ಇನ್ನು ಕಣ್ಣಳತೆಯ ಮಾತು. ಮಕ್ಕಳು ಸದಾ ನಿಮ್ಮ ಕಣ್ಣಿಗೆ ಬೀಳುವಂತೆ ಇಲ್ಲವೇ ಕಿವಿಗೆ ಕೇಳುವಂತೆ ಇರಬೇಕು ಎಂಬುದು ಸಾಮಾನ್ಯ ನಿಯಮ. ಊಟ ಮಾಡುವಾಗ ಮಾತ್ರ ಕಾಣಲೂ ಬೇಕು, ಕೇಳಲೂ ಬೇಕು, ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರವಿರುವವರು ಅದೇ ಕೋಣೆಯಲ್ಲಿರಬೇಕು. ನಿಮ್ಮ ಮನೆಯಲ್ಲಿ ಆ ವ್ಯಕ್ತಿ ನೀವೊಬ್ಬರೇ. ಒಂದೊಂದೇ ದೋಸೆ ಹುಯ್ದು ಬಿಸಿಬಿಸಿಯಾಗಿ ತಂದು ಬಡಿಸುವ ನಮ್ಮ ಪದ್ಧತಿ ಈ ಕೆಲಸದಲ್ಲಿ ನಡೆಯುವುದಿಲ್ಲ. ಎಲ್ಲವನ್ನೂ ಮಾಡಿ ಮುಗಿಸಿ, ಒಲೆ ಆರಿಸಿ, ಮಕ್ಕಳ ಎದುರಿಗೆ ಕುಳಿತ ಮೇಲೆಯೇ ಮೊದಲ ತುತ್ತು. ಆದ್ದರಿಂದ ಊಟದ ಕೋಣೆ ನಿಮ್ಮ ಪಟ್ಟಿಯಲ್ಲಿ ಇರಲೇಬೇಕು, ಮತ್ತು ಅಡುಗೆಮನೆಯ ತೆರಪಿಗೆ ಒಂದು ಗೇಟು ಬೇಕೇ ಬೇಕು.

ಒಂದು ಪರೀಕ್ಷೆ ಮಾಡಿ ನೋಡಿ. ರಜೆಯ ದಿನ ನೀವು ಒಲೆಯ ಮುಂದೆ ನಿಂತು, ಮಗನನ್ನು ಹಿಂದಿನ ಕೋಣೆಯ ನೆಲದ ಮೇಲೆ ಆಟಕ್ಕೆ ಕೂರಿಸಿ. ತಲೆಯನ್ನು ಸ್ವಲ್ಪ ತಿರುಗಿಸಿದಾಗ ಅವನ ಕೈಗಳು ಕಾಣುತ್ತವೆಯೇ? ಮುಖ ಕಂಡರೆ ಸಾಲದು, ಕೈ ಕಾಣಬೇಕು, ಏಕೆಂದರೆ ಒಂದು ವರ್ಷದ ಮಗು ಬಾಯಿಗೆ ಏನನ್ನು ಹಾಕಿಕೊಳ್ಳುತ್ತಿದೆ ಎಂಬುದು ಕೈಯಿಂದಲೇ ತಿಳಿಯುತ್ತದೆ. ಮೇಜಿನ ಮರೆ, ಕಪಾಟಿನ ಮೂಲೆ, ಸೋಫಾದ ಹಿಂಬದಿ ಹೀಗೆ ಕಣ್ಣಿಗೆ ಬೀಳದ ಜಾಗಗಳೆಲ್ಲ ಆಗ ಗೊತ್ತಾಗುತ್ತವೆ. ಕೋಣೆಯನ್ನು ಬದಲಿಸುವ ಬದಲು ಮೇಜನ್ನು ಗೋಡೆಗೆ ಸರಿಸಿದರೆ ಸಾಕೆಂದು ಎಷ್ಟೋ ಸಲ ಅನ್ನಿಸುತ್ತದೆ. ಲೌಂಜನ್ನು ಪೂರ್ತಿ ಆಟದ ಕೋಣೆ ಮಾಡಿದರೆ, ನೀವು ಅಡುಗೆಮನೆಯಲ್ಲಿರುವಾಗ ಮಕ್ಕಳಿಗೂ ನಿಮಗೂ ನಡುವೆ ಒಂದು ಹಜಾರ, ಮೆಟ್ಟಿಲು, ಮುಂಬಾಗಿಲು ಇಷ್ಟೂ ಬರುತ್ತವೆ. ಯಜಮಾನರ ಸಲಹೆಗೆ ನಾನು ಒಪ್ಪದಿರಲು ಇದೇ ಕಾರಣ.

ನನ್ನ ಸಲಹೆ ಹೀಗಿದೆ. ಹಿಂದಿನ ಕೋಣೆಯಲ್ಲಿ ಆಟ ಮತ್ತು ಊಟ. ದೊಡ್ಡ ಮೇಜಿನ ಬದಲು ಮಡಚುವ ಮೇಜು. ಲೌಂಜಿನಲ್ಲಿ ಮಧ್ಯಾಹ್ನದ ನಿದ್ದೆ, ಸಂಜೆ ಶಾಲಾ ಮಕ್ಕಳ ಓದು ಮತ್ತು ವಿಶ್ರಾಂತಿ. ಮೆಟ್ಟಿಲ ಕೆಳಗಿನ ಶೌಚಾಲಯ ನಿಮ್ಮ ದೊಡ್ಡ ಭಾಗ್ಯ. ಅದಿಲ್ಲದ ಮನೆಗಳಲ್ಲಿ ಒಂದು ಮಗುವನ್ನು ಶೌಚಕ್ಕೆ ಕರೆದೊಯ್ಯಲು ಎಲ್ಲರನ್ನೂ ಕಟ್ಟಿಕೊಂಡು ಮಹಡಿ ಹತ್ತಬೇಕಾಗುತ್ತದೆ. ನ್ಯಾಪಿ ಬದಲಿಸಲು ಹಿಂದಿನ ಕೋಣೆಯ ಒಂದು ಮೂಲೆಯನ್ನು, ಊಟದ ಜಾಗದಿಂದ ದೂರವಾಗಿ, ನೆಲದ ಮೇಲೆಯೇ ಗೊತ್ತುಮಾಡಿ. ಎತ್ತರದ ಮೇಜು ಬೇಡ. ಮಹಡಿಯನ್ನು ಪಟ್ಟಿಯಿಂದ ಸಂಪೂರ್ಣ ಬಿಟ್ಟುಬಿಡಿ.

ಕನ್ಸರ್ವೇಟರಿಯನ್ನು ಬಳಸಿ, ಆದರೆ ಅದನ್ನೇ ನಂಬಬೇಡಿ. ಜುಲೈನಲ್ಲಿ ಅಲ್ಲಿ ನಿಲ್ಲಲಾಗದ ಸೆಖೆ, ಜನವರಿಯಲ್ಲಿ ನೆಲಕ್ಕೆ ಕಾಲಿಡಲಾಗದ ಚಳಿ. ಹಳೆಯದಾದರೆ ಕೆಳಗಿನ ಗಾಜು ಗಟ್ಟಿಗೊಳಿಸಿದ ಸುರಕ್ಷಿತ ಗಾಜೇ ಎಂದು ನೋಡಿಕೊಳ್ಳಿ. ಅಲ್ಲದಿದ್ದರೆ ಅದಕ್ಕೆಂದೇ ಸಿಗುವ ಫಿಲ್ಮ್ ಅಂಟಿಸಬಹುದು. ಬೂಟು, ಮಳೆಯ ಕೋಟು ಹಾಕಿಕೊಂಡು ಹಿತ್ತಲಿಗೆ ಇಳಿಯುವ ಜಾಗವಾಗಿ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಮಕ್ಕಳಿಗೆ ಪ್ರತಿದಿನ ಹೊರಾಂಗಣ ಸಿಗಲೇಬೇಕಾದ್ದರಿಂದ ಅದೂ ಸಣ್ಣ ಉಪಯೋಗವೇನಲ್ಲ.

ಹೊಂಗೆಮರ (ಲೆಸ್ಟರ್):

ಮಲ್ಲಿಗೆಮೊಗ್ಗು ಅವರ ಮಾತಿನಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ. ನಿದ್ದೆಯ ಕೋಣೆಯ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ.

ಲೌಂಜಿನಲ್ಲಿ ಮಗುವನ್ನು ಮಲಗಿಸಿದರೆ ಮನೆಯ ಅತಿ ದೊಡ್ಡ ಕೋಣೆ ದಿನದ ಮಧ್ಯದಲ್ಲಿ ಎರಡು ಗಂಟೆ ಮುಚ್ಚಿಹೋಗುತ್ತದೆ. ತುಂಗಾತೀರ ಅವರ ಮಗನಿಗೆ ಮೂರು ವರ್ಷ, ಹಗಲು ನಿದ್ದೆ ಬಿಡುವ ವಯಸ್ಸು. ಮಳೆ ಹಿಡಿದ ನವೆಂಬರಿನಲ್ಲಿ ಆ ಹುಡುಗ ಹತ್ತು ಚದರ ಮೀಟರಿನಲ್ಲಿ, ‘ಶ್‌, ಮೆಲ್ಲಗೆ’ ಎಂಬ ಮಾತು ಕೇಳುತ್ತ ಎರಡು ಗಂಟೆ ಕಳೆಯಬೇಕಾಗುತ್ತದೆ. ತನ್ನದೇ ಮನೆಯನ್ನು ಬೇರೆ ಮಕ್ಕಳೊಡನೆ ಹಂಚಿಕೊಳ್ಳುತ್ತಿರುವ ಮಗುವಿಗೆ ಇದು ದೊಡ್ಡ ಭಾರ, ನಾವು ಅದನ್ನು ಹಗುರವಾಗಿ ಕಾಣಬಾರದು. ಜತೆಗೆ ರಸ್ತೆಯ ಕಡೆಯ ಕೋಣೆಯಲ್ಲಿ ಪಾರ್ಸೆಲ್ ತಂದವರು ಬಾಗಿಲು ಬಡಿದಾಗಲೆಲ್ಲ ಕೂಸು ಎಚ್ಚರಗೊಳ್ಳುತ್ತದೆ.

ಚಿಕ್ಕ ಕೂಸಿಗೆ ನಾನು ಮಹಡಿಯ ಒಂದು ಮಲಗುವ ಕೋಣೆಯನ್ನು ಬಳಸುತ್ತೇನೆ, ನೋಂದಣಿಯ ಸಮಯದಲ್ಲೇ ಅದನ್ನು ತೋರಿಸಿದ್ದೆ. ಇದಕ್ಕೆ ಬೇಕಾಗುವ ಶಿಸ್ತು ಹೆಚ್ಚು, ಅದನ್ನು ಮುಚ್ಚಿಡುವುದಿಲ್ಲ. ಮೆಟ್ಟಿಲ ಮೇಲ್ತುದಿಯ ಗೇಟು ಗೋಡೆಗೆ ತಿರುಪು ಹಾಕಿ ಕೂರಿಸಿದ್ದೇ ಆಗಬೇಕು. ಒತ್ತಡದಿಂದ ನಿಲ್ಲುವ ಗೇಟುಗಳ ಬುಡದಲ್ಲಿ ಅಡ್ಡಪಟ್ಟಿ ಇರುತ್ತದೆ, ಕೂಸನ್ನು ಎತ್ತಿಕೊಂಡು ಇಳಿಯುವವರ ಕಾಲಿಗೆ ಅದು ಸಿಕ್ಕರೆ ಇಬ್ಬರೂ ಕೆಳಗೆ. ಬಟ್ಟೆಯ ಕಪಾಟು, ಡ್ರಾಯರುಗಳನ್ನು ಗೋಡೆಗೆ ಬಿಗಿದಿರಬೇಕು. ಕಿಟಕಿಯ ಬ್ಲೈಂಡಿನ ದಾರ ತೊಟ್ಟಿಲಿಗೆ ಎಟುಕುವಂತಿರಬಾರದು. ಕೋಣೆ 16ರಿಂದ 20 ಡಿಗ್ರಿಯೊಳಗೆ ಇರಬೇಕು, ಸಮತಟ್ಟಾದ ಗಟ್ಟಿ ಹಾಸಿಗೆ, ಕೂಸನ್ನು ಅಂಗಾತ ಮಲಗಿಸುವುದು, ಪ್ರತಿ ಮಗುವಿಗೆ ಅದರದೇ ಹೊದಿಕೆ. ಮಾನಿಟರ್ ಇದ್ದರೂ ಆಗಾಗ ಮೇಲೆ ಹೋಗಿ ಕೂಸಿನ ಎದೆ ಏರಿಳಿಯುವುದನ್ನು ಕಣ್ಣಾರೆ ನೋಡಿ ಬರುತ್ತೇನೆ, ನೋಡಿದ ಹೊತ್ತನ್ನು ಬಾಗಿಲ ಬಳಿಯ ಹಾಳೆಯಲ್ಲಿ ಗುರುತು ಹಾಕುತ್ತೇನೆ. ಹಾಗೆ ಮೇಲೆ ಹೋಗುವಾಗ ಕೆಳಗಿನ ಇಬ್ಬರು ಗೇಟಿನೊಳಗೆ, ಅಪಾಯವಿಲ್ಲದ ಕೋಣೆಯಲ್ಲಿ, ನನ್ನ ಕಿವಿಗೆ ಕೇಳುವಂತೆ ಇರುತ್ತಾರೆ. ಬೆಂಕಿಯಂತಹ ಅಪಾಯ ಬಂದರೆ ಯಾವ ಮಗುವನ್ನು ಮೊದಲು, ಯಾವ ದಾರಿಯಿಂದ ಎಂಬುದನ್ನು ಮೊದಲೇ ಯೋಚಿಸಿ, ಮಕ್ಕಳೊಡನೆ ಅಭ್ಯಾಸವನ್ನೂ ಮಾಡಿರಬೇಕು. ಇಷ್ಟು ಮಾಡಲಾಗುವುದಿಲ್ಲ ಎನ್ನಿಸಿದರೆ ಲೌಂಜೇ ಸರಿ.

ಮಧ್ಯಾಹ್ನ ಮೂರು ಗಂಟೆಗೆ ಶಾಲೆ ಬಿಡುವ ಹೊತ್ತನ್ನು ಯಾರೂ ಪ್ರಸ್ತಾಪಿಸಿಲ್ಲ. ಶಾಲಾ ಮಕ್ಕಳನ್ನು ಕರೆತರಲು ಹೊರಟಾಗ ಕೂಸನ್ನೂ ಎಬ್ಬಿಸಿ ಪ್ರಾಮಿನಲ್ಲಿ ಕೂರಿಸಿಕೊಂಡೇ ಹೋಗಬೇಕು. ನಿದ್ದೆ ಎರಡೂವರೆಗೆ ಮುಗಿಯುವಂತೆ ಇಡೀ ದಿನವನ್ನು ಹಿಂದಕ್ಕೆ ಲೆಕ್ಕ ಹಾಕಿ, ಆಮೇಲೆ ಕೋಣೆಯನ್ನು ಆರಿಸಿ.

ದೇವರ ಮಂಟಪದ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ: ಅದನ್ನು ಮಕ್ಕಳಿರುವ ಕೋಣೆಯಿಂದ ಹೊರಗೆ ಸಾಗಿಸಿ. ದೀಪದ ಅಪಾಯ ಎಲ್ಲರಿಗೂ ಕಾಣುತ್ತದೆ, ಎಲ್ಲರೂ ಎಚ್ಚರವಾಗಿರುತ್ತಾರೆ. ನನ್ನ ಹೆದರಿಕೆ ಕರ್ಪೂರದ ಬಗ್ಗೆ. ಬೆಳ್ಳಗೆ, ಬಿಲ್ಲೆಯಾಕಾರದಲ್ಲಿ, ಸುವಾಸನೆ ಬೀರುತ್ತ ಇರುವ ಅದು ಚಿಕ್ಕ ಮಗುವಿಗೆ ಮಿಠಾಯಿಯೇ. ಅದನ್ನು ನುಂಗಿದರೆ ಅಲ್ಪ ಪ್ರಮಾಣದಲ್ಲೇ ಮಗುವಿಗೆ ಫಿಟ್ಸ್ ಬರಬಹುದು. ಬತ್ತಿಯ ಪೊಟ್ಟಣ, ಬೆಂಕಿಪೊಟ್ಟಣ, ದಕ್ಷಿಣೆಯ ಚಿಲ್ಲರೆ ನಾಣ್ಯ, ತಟ್ಟೆಯಲ್ಲಿ ಉಳಿದ ಗೋಡಂಬಿ, ಬ್ಯಾಟರಿಯಿಂದ ಮಂತ್ರ ಹೇಳುವ ಪುಟ್ಟ ಯಂತ್ರ, ಇವೆಲ್ಲ ನಮ್ಮ ಮಂಟಪಗಳ ಸುತ್ತ ಕೈಗೆಟುಕುವಂತೆಯೇ ಇರುತ್ತವೆ. ಆ ಯಂತ್ರದಲ್ಲಿ ಗುಂಡಗಿನ ಬಟನ್ ಬ್ಯಾಟರಿ ಇದ್ದರಂತೂ ಅದನ್ನು ಇವತ್ತೇ ತೆಗೆಯಿರಿ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಕೆಲವೇ ಗಂಟೆಗಳಲ್ಲಿ ಒಳಗೆ ಸುಟ್ಟು ತೂತು ಮಾಡಬಲ್ಲದು. ನಮ್ಮ ಮಂಟಪ ಈಗ ನಮ್ಮ ಮಲಗುವ ಕೋಣೆಯ ಒಂದು ಕಪಾಟಿನಲ್ಲಿದೆ, ಬಾಗಿಲಿಗೆ ಎತ್ತರದಲ್ಲಿ ಚಿಲಕವಿದೆ. ಮಕ್ಕಳು ಬರುವ ಮುಂಚೆ ಪೂಜೆ, ಅವರು ಹೋದ ಮೇಲೆ ಸಂಜೆಯ ದೀಪ. ಹಬ್ಬದ ದಿನ ಮಕ್ಕಳಿಗೆ ಹೂವು, ರಂಗೋಲಿ ತೋರಿಸಿ ಕಥೆ ಹೇಳುತ್ತೇನೆ. ಪೋಷಕರೂ ಅದನ್ನು ಸಂತೋಷದಿಂದ ಕಾಣುತ್ತಾರೆ.

ಅತ್ತೆಯವರ ವಿಷಯ: 16 ವರ್ಷ ಮೇಲ್ಪಟ್ಟವರು ಯಾರೇ ಆ ಮನೆಯಲ್ಲಿ ವಾಸಿಸುವುದಿದ್ದರೂ ಆಫ್‌ಸ್ಟೆಡ್‌ಗೆ ತಿಳಿಸಬೇಕು. ತಿಂಗಳುಗಟ್ಟಲೆ ಇರುವುದಾದರೆ ಅವರು ಟಿಕೆಟ್ ತೆಗೆಸುವ ಮೊದಲೇ ನೀವು ಬರೆದು ತಿಳಿಸುವುದು ಕ್ಷೇಮ. ಪರಿಶೀಲನೆ ಆಗದವರ ಜತೆ ಮಕ್ಕಳನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡುವಂತಿಲ್ಲ. ವಿಸಿಟರ್ ವೀಸಾದಲ್ಲಿ ಬಂದವರು ಸಂಬಳವಿಲ್ಲದೆಯೂ ನಿಮ್ಮ ಕೆಲಸದಲ್ಲಿ ಕೈಜೋಡಿಸುವಂತಿಲ್ಲ. ಹಾಗೆಂದು ಹಿರಿಯರನ್ನು ಇಡೀ ದಿನ ಕೋಣೆಯೊಳಗೆ ಕೂರಿಸುವುದು ಯಾರಿಗೂ ಒಗ್ಗದು. ಅವರು ಹಗಲಿನಲ್ಲಿ ಆರಾಮವಾಗಿ ಕುಳಿತು ಟಿವಿ ನೋಡಲು, ಊರಿಗೆ ಫೋನ್ ಮಾಡಲು, ಮಕ್ಕಳ ಕಾಲ್ತುಳಿತವಿಲ್ಲದ ಒಂದು ಜಾಗ ಮಹಡಿಯಲ್ಲಿ ಇರಲೇಬೇಕು. ಅದನ್ನು ಈಗಲೇ ಯೋಚಿಸಿ. ಅವರ ಮಾತ್ರೆಗಳ ಡಬ್ಬಿಯೂ ಅಲ್ಲಿಯೇ, ಎತ್ತರದಲ್ಲಿ, ಬೀಗದೊಳಗೆ ಇರಬೇಕು.

ಜಮಾಖರ್ಚು (ಹ್ಯಾರೋ):

ಲೆಕ್ಕಪತ್ರದ ಕಡೆಯಿಂದ ಒಂದೆರಡು ಮಾತು. ‘ಲೌಂಜನ್ನು ಪೂರ್ತಿ ಆಟದ ಕೋಣೆ ಮಾಡಿಬಿಡು’ ಎಂಬ ಸಲಹೆಯಲ್ಲಿ ‘ಪೂರ್ತಿ’ ಎನ್ನುವುದು ನನ್ನನ್ನು ತಡೆದು ನಿಲ್ಲಿಸಿತು. ಸ್ವಂತ ಮನೆಯನ್ನು ಮಾರಿದಾಗ ಬರುವ ಲಾಭಕ್ಕೆ ಬಂಡವಾಳ ಲಾಭದ ತೆರಿಗೆಯಿಂದ ಸಿಗುವ ವಿನಾಯಿತಿ, ಕೇವಲ ವ್ಯವಹಾರಕ್ಕೆಂದೇ ಮೀಸಲಾದ ಭಾಗಕ್ಕೆ ಸಿಗುವುದಿಲ್ಲ. ಹಗಲು ಮಕ್ಕಳು ಆಡಿ, ಸಂಜೆ ಮನೆಯವರು ಕುಳಿತುಕೊಳ್ಳುವ ಕೋಣೆಗೆ ಈ ತೊಂದರೆಯಿಲ್ಲ. ಆದ್ದರಿಂದ ಯಾವ ಕೋಣೆಯನ್ನೂ ಸಂಸಾರದ ಬಳಕೆಯಿಂದ ಸಂಪೂರ್ಣ ಕಿತ್ತುಕೊಳ್ಳಬೇಡಿ. ಸೋಫಾ ಅಲ್ಲಿಯೇ ಇರಲಿ, ಶನಿವಾರ ಭಾನುವಾರ ನೆಂಟರು ಅಲ್ಲಿಯೇ ಕೂರಲಿ.

ಹೆಚ್ಚು ಕೋಣೆ ತೋರಿಸಿದರೆ ತೆರಿಗೆಯ ಲೆಕ್ಕದಲ್ಲಿ ಹೆಚ್ಚು ಖರ್ಚು ಕಳೆಯಬಹುದೆಂಬ ನಂಬಿಕೆ ನಮ್ಮವರಲ್ಲಿದೆ. ಚೈಲ್ಡ್‌ಮೈಂಡರ್‌ಗಳ ವಿಷಯದಲ್ಲಿ ತೆರಿಗೆ ಇಲಾಖೆ ಬಹುಕಾಲದಿಂದ ಒಪ್ಪಿಕೊಂಡು ಬಂದಿರುವ ಪದ್ಧತಿ ಕೆಲಸದ ಗಂಟೆಗಳನ್ನು ಆಧರಿಸಿದ್ದು: ವಾರಕ್ಕೆ 40 ಗಂಟೆ ಕೆಲಸ ಮಾಡುವವರು ಬಿಸಿ ಮತ್ತು ಬೆಳಕಿನ ಖರ್ಚಿನಲ್ಲಿ ಮೂರನೆಯ ಒಂದು ಭಾಗ, ನೀರು ಮತ್ತು ಕೌನ್ಸಿಲ್ ಟ್ಯಾಕ್ಸ್‌ನಲ್ಲಿ (ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ) ಹತ್ತನೆಯ ಒಂದು ಭಾಗ ತೋರಿಸಬಹುದು. ಕೋಣೆಗಳ ಸಂಖ್ಯೆಗೆ ಅಲ್ಲಿ ಪಾತ್ರವಿಲ್ಲ. ಇದಕ್ಕಾಗಿ ನಾಲ್ಕನೆಯ ಕೋಣೆ ಸೇರಿಸುವುದು ವ್ಯರ್ಥ.

ಸಾಲ ಕೊಟ್ಟವರಿಗೂ ಮನೆಯ ವಿಮೆಯವರಿಗೂ ಕೆಲಸ ಆರಂಭಿಸುವ ಮುನ್ನವೇ ಬರವಣಿಗೆಯಲ್ಲಿ ತಿಳಿಸಿ, ಉತ್ತರವನ್ನು ಜೋಪಾನವಾಗಿಡಿ. ಮನೆಯ ವಿಮೆ ಬೇರೆ, ಚೈಲ್ಡ್‌ಮೈಂಡರ್‌ಗೆ ಕಡ್ಡಾಯವಾಗಿ ಇರಬೇಕಾದ ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಬೇರೆ. ಇದನ್ನು ಓದುತ್ತಿರುವ ಬಾಡಿಗೆದಾರರು ಮಾಲೀಕರ ಒಪ್ಪಿಗೆಯಿಲ್ಲದೆ ಮುಂದುವರಿಯಬಾರದು.

ನೀಲಿಬೆಟ್ಟ (ಎಡಿನ್‌ಬರೊ):

ಸ್ಕಾಟ್ಲೆಂಡಿನಲ್ಲಿರುವ ಕನ್ನಡಿಗರು ಮೇಲಿನ ಅಂಕಿಗಳನ್ನು ಹಾಗೆಯೇ ಎತ್ತಿಕೊಳ್ಳಬಾರದೆಂದು ವಿನಂತಿ. ಇಲ್ಲಿ ನೋಂದಣಿ ಮಾಡುವುದು ಕೇರ್ ಇನ್‌ಸ್ಪೆಕ್ಟರೇಟ್. ವೇಲ್ಸ್‌ನಲ್ಲಿಯೂ ಬೇರೆಯದೇ ಸಂಸ್ಥೆ, ಬೇರೆಯದೇ ಮಾನದಂಡ. ಕಣ್ಣಳತೆಯ ಮಾತು ಮಾತ್ರ ಎಲ್ಲ ಕಡೆಗೂ ಸಲ್ಲುತ್ತದೆ.

ಕಾಫಿತೋಟ (ರೀಡಿಂಗ್):

ನಾನು ಚೈಲ್ಡ್‌ಮೈಂಡರ್ ಅಲ್ಲ, ಮಗಳನ್ನು ಒಬ್ಬರ ಬಳಿ ಬಿಡುವ ತಾಯಿ. ಪೋಷಕರ ಕಣ್ಣಿನಿಂದ ಒಂದಿಷ್ಟು ಹೇಳಿದರೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಮನೆಗಳನ್ನು ನೋಡಲು ಹೋದಾಗ ಆಟಿಕೆಗಳ ರಾಶಿಯನ್ನು ನಾನು ಗಮನಿಸಲೇ ಇಲ್ಲ. ನನ್ನ ಮಗಳು ಎಲ್ಲಿ ಮಲಗುತ್ತಾಳೆ, ಎಲ್ಲಿ ಊಟ ಮಾಡುತ್ತಾಳೆ, ಅತ್ತಾಗ ಅವಳನ್ನು ಎತ್ತಿಕೊಂಡು ಯಾವ ಮೂಲೆಯಲ್ಲಿ ಕೂರುತ್ತಾರೆ ಎಂದು ಕೇಳಿದೆ. ಒಂದು ಮನೆಯಲ್ಲಿ ಇಡೀ ಲೌಂಜ್ ನರ್ಸರಿಯಂತೆ ಸಿಂಗರಿಸಲ್ಪಟ್ಟಿತ್ತು, ದೊಡ್ಡವರು ಕೂರಲು ಒಂದು ಕುರ್ಚಿಯೂ ಇರಲಿಲ್ಲ. ನಾವು ಕೊನೆಗೆ ಆರಿಸಿಕೊಂಡ ಮನೆಯಲ್ಲಿ ಹಳೆಯ ಸೋಫಾ ಇತ್ತು, ಅದರ ಪಕ್ಕದಲ್ಲಿ ಪುಸ್ತಕದ ಬುಟ್ಟಿ. ನಾವು ಹೋದಾಗ ಎರಡು ಮಕ್ಕಳು ಅವರ ಮಡಿಲಿಗೆ ಒರಗಿ ಕುಳಿತಿದ್ದವು. ನರ್ಸರಿಯನ್ನು ಬಿಟ್ಟು ಮನೆಯನ್ನು ಹುಡುಕುವವರು ಬಯಸುವುದು ಅದನ್ನೇ. ಆದ್ದರಿಂದ ತುಂಗಾತೀರ ಅವರೇ, ಲೌಂಜಿನ ಸೋಫಾವನ್ನು ದಯವಿಟ್ಟು ತೆಗೆಯಬೇಡಿ. ಇನ್ನೊಂದು, ಬಾಕ್ಸ್ ರೂಮಿನಲ್ಲಿ ಯಜಮಾನರು ಕೆಲಸ ಮಾಡುವ ವಿಷಯವನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಿ. ನಂತರ ಗೊತ್ತಾದರೆ ಸಣ್ಣ ವಿಷಯವೂ ಪೋಷಕರ ಮನಸ್ಸಿನಲ್ಲಿ ದೊಡ್ಡದಾಗುತ್ತದೆ.

ತುಂಗಾತೀರ (ರೀಡಿಂಗ್):

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಮಲ್ಲಿಗೆಮೊಗ್ಗು ಅವರು ಹೇಳಿದಂತೆ ಒಲೆಯ ಮುಂದೆ ನಿಂತು ನೋಡಿದೆವು. ಯಜಮಾನರೇ ನಿಂತು ನೋಡಿದ ಮೇಲೆ ಲೌಂಜಿನ ವಾದವನ್ನು ಬಿಟ್ಟರು. ಊಟದ ಮೇಜಿನ ಆಚೆ ಬದಿ ನನಗೆ ಕಾಣುತ್ತಿರಲಿಲ್ಲ. ಅದನ್ನು ಮಾರಿ ಗೋಡೆಗೆ ಮಡಚುವ ಮೇಜು ಹಾಕಿಸುತ್ತಿದ್ದೇವೆ.

ನಮ್ಮ ತೀರ್ಮಾನ ಹೀಗಿದೆ. ಹಿಂದಿನ ಕೋಣೆ, ಲೌಂಜ್, ಕೆಳಗಿನ ಶೌಚಾಲಯ ಇವಿಷ್ಟು ಒಳಗಿನ ಜಾಗ. ಕನ್ಸರ್ವೇಟರಿ ಹಿತ್ತಲಿಗೆ ಇಳಿಯುವ ದಾರಿ. ಕೂಸನ್ನು ಸದ್ಯಕ್ಕೆ ಲೌಂಜಿನಲ್ಲಿಯೇ ಮಲಗಿಸುತ್ತೇನೆ. ಹೊಂಗೆಮರ ಅವರ ಮಾತು ನನ್ನ ಮಗನ ಕಾರಣಕ್ಕೆ ಮನಸ್ಸಿಗೆ ತಟ್ಟಿತು, ಆದರೆ ಮೊದಲ ವರ್ಷದಲ್ಲಿ ಮಹಡಿ ಹತ್ತಿ ಇಳಿಯುವ ಜವಾಬ್ದಾರಿಯನ್ನು ಹೊರುವ ಧೈರ್ಯ ನನಗಿಲ್ಲ. ಆ ಎರಡು ಗಂಟೆಯಲ್ಲಿ ಮಗನಿಗೆ ಕನ್ಸರ್ವೇಟರಿಯಲ್ಲಿ ನೀರಾಟ, ಮಣ್ಣಿನಾಟ ಹೊಂದಿಸುತ್ತೇನೆ, ಚಳಿಗಾಲಕ್ಕೆ ಬೇರೆ ಏನಾದರೂ ಯೋಚಿಸಬೇಕು. ದೇವರ ಮಂಟಪ ಮಹಡಿಗೆ ಹೋಗುತ್ತದೆ. ಅತ್ತೆಯವರಿಗೆ ಫೋನಿನಲ್ಲಿ ಕರ್ಪೂರದ ವಿಷಯ ವಿವರಿಸಿದೆ, ಅವರೇ ‘ಮೊದಲು ಮಕ್ಕಳು, ದೇವರು ಎಲ್ಲಿದ್ದರೂ ದೇವರೇ’ ಎಂದರು.

ಒಂದು ಸಂದೇಹ ಉಳಿದಿದೆ. ಶಾಲೆ ಬಿಟ್ಟ ಮೇಲೆ ನನ್ನ ಮಗಳು ತನ್ನ ಕೋಣೆಯಲ್ಲಿ ಒಬ್ಬಳೇ ಇರಲು ಬಯಸುತ್ತಾಳೆ. ಜತೆಗೆ ಬರುವ ಆರೇಳು ವರ್ಷದ ಮಕ್ಕಳು ಅವಳ ಹಿಂದೆಯೇ ಮೇಲೆ ಹೋಗಲು ಹಟ ಹಿಡಿದರೆ?

ಮಲ್ಲಿಗೆಮೊಗ್ಗು (ಮಿಲ್ಟನ್ ಕೀನ್ಸ್):

ಒಳ್ಳೆಯ ತೀರ್ಮಾನ. ಮಗಳ ಕೋಣೆ ಅವಳದೇ, ಅಲ್ಲಿಗೆ ಬೇರೆ ಮಕ್ಕಳಿಗೆ ಪ್ರವೇಶವಿಲ್ಲ ಎಂಬುದನ್ನು ಮೊದಲ ದಿನವೇ ಎಲ್ಲ ಮಕ್ಕಳಿಗೂ ಅವರ ಪೋಷಕರಿಗೂ ಹೇಳಿಬಿಡಿ, ಒಂದು ದಿನವೂ ಸಡಿಲಿಸಬೇಡಿ. ನೀವು ತೋರಿಸದ ಮಹಡಿಗೆ ಅವರನ್ನು ಬಿಡುವಂತಿಲ್ಲವಾದ್ದರಿಂದ ನಿಯಮವೂ ನಿಮ್ಮ ಪರವಾಗಿದೆ. ಮೆಟ್ಟಿಲ ಬುಡದ ಗೇಟನ್ನು ಏಳು ವರ್ಷದ ಮಗು ಸುಲಭವಾಗಿ ತೆರೆಯುತ್ತದೆ. ಆ ವಯಸ್ಸಿಗೆ ಗೇಟಿಗಿಂತ ಮಾತೇ ಕೆಲಸ ಮಾಡುತ್ತದೆ. ಮಗಳು ಕೆಳಗೆ ಬಂದು ಅವರೊಡನೆ ಆಡಿದರೆ ಸಂತೋಷ, ಬರದಿದ್ದರೆ ಬಲವಂತ ಬೇಡ. ಎಂಟು ತುಂಬಿದ್ದರಿಂದ ಅವಳು ಆರರ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಅವಳು ಮನೆಯಲ್ಲಿರುವುದರಿಂದ ಉಳಿದವರ ಆರೈಕೆ ಕಡಿಮೆಯಾಗಬಾರದು ಎಂಬುದನ್ನು ನೆನಪಿಡಿ. ಅವಳ ಸಣ್ಣ ಮಣಿ, ಲೆಗೋ, ಕತ್ತರಿ ಎಲ್ಲವೂ ಮಹಡಿಯಲ್ಲಿಯೇ ಉಳಿಯಲಿ.

ಆಫ್‌ಸ್ಟೆಡ್‌ನವರು ಬರುವ ಮುನ್ನ ಮುಂಬಾಗಿಲನ್ನು ಒಮ್ಮೆ ನೋಡಿಕೊಳ್ಳಿ. ಈ ದೇಶದ ಎಷ್ಟೋ ಬಾಗಿಲುಗಳಿಗೆ ಒಳಗಿನಿಂದಲೂ ಬೀಗದ ಕೈ ಬೇಕು, ಅದು ಎಲ್ಲೋ ಕೈಚೀಲದಲ್ಲಿರುತ್ತದೆ. ಹೊರಹೋಗುವ ಬಾಗಿಲು ಒಳಗಿನಿಂದ ಸುಲಭವಾಗಿ ತೆರೆಯುವಂತಿರಬೇಕು. ಒಳಬದಿಯಲ್ಲಿ ಕೈಯಿಂದ ತಿರುಗಿಸುವ ಗುಬುಟಿರುವ ಬೀಗ ಹಾಕಿಸಿ, ಜತೆಗೆ ಚಿಕ್ಕ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಒಂದು ಚಿಲಕ. ಹಿತ್ತಲ ಪಕ್ಕದ ಗೇಟಿಗೂ ಹಾಗೆಯೇ. ಕಸದ ಡಬ್ಬಿಗಳನ್ನು ಬೇಲಿಯ ಪಕ್ಕದಿಂದ ಸರಿಸಿ. ಆರು ವರ್ಷದ ಮಕ್ಕಳು ಅವುಗಳ ಮೇಲೆ ಹತ್ತಿ ಬೇಲಿ ದಾಟುತ್ತಾರೆ.